ಬ್ಯಾಡಗಿ ಪೈಲ್ವಾನನ ಕೈ

ಸ್ವಾತಂತ್ರ್ಯಕ್ಕಿಂತ ನಾಲ್ಕಾರು ವರ್ಷ ಮೊದಲಿನ ಮಾತು. ಹಾವೇರಿಯ ಕುಸ್ತಿಗಳಿಗೆ ಜೋಡಿ ಹಚ್ಚುವ ಕೆಲಸ ನನ್ನದು. ಯಾರ ಮೇಲೆ ಯಾರನ್ನು ಬಿಡಬೇಕೆಂದು ನೋಡಿ ಇಬ್ಬರನ್ನೂ ಒಪ್ಪಿಸಬೇಕು, ದಿನ ಗೊತ್ತುಮಾಡಬೇಕು.

ಬ್ಯಾಡಗಿಯ ಪೈಲ್ವಾನನೊಬ್ಬನನ್ನು ಯಾರೂ ಚಿತ್ ಮಾಡಿರಲಿಲ್ಲ. ಆದರೆ ಐರಣಿಯ ಪೈಲ್ವಾನ ಎರಡು ವರ್ಷದಿಂದ ಕರೆದರೂ ನಮ್ಮ ಮಾಘದ ಕುಸ್ತಿಗೆ ಇವನು ಒಲ್ಲೆ ಅನ್ನುತ್ತಿದ್ದ. ಅಂಜ್ಯಾನ ಎಂದು ಮಂದಿ ಆಡಿಕೊಂಡರು. ನಾನೂ ಆಡಿಕೊಂಡೆ.

ಮೂರನೇ ವರ್ಷ ನಾನೇ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅವನು ಬಗಲಿಗೊಂದು ತುಂಬಿದ ಚೀಲ ಇರುಕಿಕೊಂಡು, ತಲೆದಿಂಬು ತಂದವನ ಹಾಗೆ ಬಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಕೇಳಿದೆ.

"ಪೈಲ್ವಾನ್ರ, ಐರಣಿಯವಗ ಅಂಜೀರಿ ಅಂತಾರಲ್ರಿ, ಖರೇ ಏನು?"

ಅವನು ಸಿಟ್ಟಾಗಲಿಲ್ಲ. ಚೀಲ ಇಳಿಸಿ, ನನ್ನ ಅಂಗೈಯನ್ನು ತನ್ನ ಅಂಗೈಗೆ ಮೆಲ್ಲಗೆ ತಿಕ್ಕಿದ.

"ಈಗ ಕಣ್ಣ ಒರಸ್ಕೊರಿ."

ಯಾಕೆಂದು ತಿಳಿಯದೆ ಬಲಗಣ್ಣು ಒರಸಿಕೊಂಡೆ. ಕಣ್ಣಿಗೆ ಬೆಂಕಿ ಬಿತ್ತು.

ಅವನೇ ತಂಬಿಗೆ ನೀರು ತಂದು ಕೊಟ್ಟ. "ಮುಂಜಾನೆ ಎರಡು ಸಲ ಮೈ ತೊಳದೇನ್ರಿ. ಸುಗ್ಗಿ ಮುಗಿಯೂತನಾ ಈ ಖಾರ ಬಿಡೂದಿಲ್ಲ. ಅಂಜೂದು ಖರೇ ಐತಿ. ಅವನ ಕಣ್ಣಿಗೆ ಅಂಜೇನಿ."

"ಹಂಗಂತ ಮಂದಿಗೆ ಹೇಳಬಾರದೇನ್ರಿ?"

"ಹೇಳಿದರ ನೆವ ಹೇಳ್ತಾನ ಅಂತಾರ. ಯುಗಾದಿ ಆದಮ್ಯಾಲ ಇಡ್ರಿ, ಬರ್ತೇನಿ."

ಮೆಣಸಿನಕಾಯಿ ಸುಗ್ಗಿ ಜೋರಿರುವ ಮಾಘದಲ್ಲೇ ದಿನ ಇಡುತ್ತಿದ್ದವನು ನಾನೇ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಬ್ಯಾಡಗಿ ಕಾಯಿಗೆ ಬರೇ ಬಣ್ಣ, ಖಾರ ಇಲ್ಲ ಅನ್ನುವವರನ್ನು ಕಂಡರೆ ಈಗಲೂ ನನ್ನ ಬಲಗಣ್ಣು ಉರಿಯುತ್ತದೆ.