ಹಾಲಮ್ಮ, ವಯಸ್ಸು ಮೂವತ್ತೊಂದು

ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ಜೀರಿಗೆ ಕಷಾಯ ಇದೆ. ಪ್ರಭಕ್ಕ ಈಗಷ್ಟೇ ಫ್ಲಾಸ್ಕಿನಿಂದ ಬಗ್ಗಿಸಿಟ್ಟು ಹೋದರು. ನಮ್ಮದು ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬು. ಸ್ಪಿರಿಟ್ಟು, ಫಿನಾಯಿಲು, ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವರ ಬಾಯಿ, ಎಲ್ಲದರ ವಾಸನೆಯೂ ಇಲ್ಲಿದೆ. ಅವೆಲ್ಲದರ ಮೇಲೆ ಹುರಿದ ಜೀರಿಗೆಯ ವಾಸನೆ ಏರಿತೆಂದರೆ ಬೆಳಗಿನ ಗದ್ದಲ ಮುಗಿಯಿತು ಅಂತ ಲೆಕ್ಕ. ಕಷಾಯ ನನ್ನ ಗ್ಯಾಸ್ಟ್ರಿಕ್ಕಿಗೆ. ನನಗೆ ಗ್ಯಾಸ್ಟ್ರಿಕ್ ಇಲ್ಲ. ಆದರೂ ದಿನವೂ ಕುಡಿಯುತ್ತೇನೆ. ಇದೇನು ಕಥೆ ಅಂತ ಕೇಳುವಷ್ಟು ಪುರಸೊತ್ತು ನಿಮಗಿದ್ದರೆ ಹೇಳುತ್ತೇನೆ. ಲೋಟ ಹೇಗೂ ಆರಬೇಕು.

ಗ್ಯಾಸ್ಟ್ರಿಕ್ ಅಂದರೆ ನಮ್ಮ ಕಡೆ ಎಲ್ಲರಿಗೂ ಒಪ್ಪುವ ಕಾಯಿಲೆ. ಎದೆ ಹಿಡಿದರೂ ಅದೇ, ತಲೆ ತಿರುಗಿದರೂ ಅದೇ, ಮಗಳ ಸಂಬಂಧ ಮುರಿದ ವಾರ ತಂದೆ ಊಟ ಬಿಟ್ಟರೂ ಅದೇ. ಕೇಳಿದವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ತಮಗೂ ಇದೆ ಅಂತಾರೆ, ಒಂದು ಮದ್ದು ಹೇಳುತ್ತಾರೆ, ಹೋಗುತ್ತಾರೆ. ಇಷ್ಟು ಮರ್ಯಾದಸ್ಥ ಕಾಯಿಲೆಯನ್ನು ನಾನು ಬೇರೆ ಕಂಡಿಲ್ಲ.

ಅದನ್ನು ಮೊದಲು ಕಂಡದ್ದು ಭದ್ರಾವತಿಯ ಕಾಗದನಗರದಲ್ಲಿ. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಕಾರ್ಮಿಕ, ಸಾಲು ಕ್ವಾರ್ಟರ್ಸಿನಲ್ಲಿ ನಮ್ಮದೊಂದು ಮನೆ. ಗಾಳಿ ತಿರುಗಿದಾಗಲೆಲ್ಲ ಬೇಯುವ ತಿರುಳಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಹೊರಗಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಸಂಬಳದ ವಾಸನೆ. ಅಪ್ಪನಿಗೆ ಆಗಾಗ ಗ್ಯಾಸ್ಟ್ರಿಕ್ ಬರುತ್ತಿತ್ತು. ಬಂದಾಗ ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಸ್ನಾನ ಇಲ್ಲ, ಗಡ್ಡ ತೆಗೆಯುವುದಿಲ್ಲ, ಪಾಳಿಯ ಸೈರನ್ ಕೂಗಿದರೂ ಏಳುವುದಿಲ್ಲ. ಅಮ್ಮ ಜೀರಿಗೆ ಹುರಿದು ಕುದಿಸಿ ಲೋಟವನ್ನು ಪಕ್ಕದಲ್ಲಿಟ್ಟು ಬರುತ್ತಿದ್ದಳು. ಅದು ಅಲ್ಲೇ ಆರಿ, ಸಂಜೆಗೆ ಮೇಲೆ ಇರುವೆ ತೇಲುತ್ತಿತ್ತು. ಪಕ್ಕದ ಮನೆಯ ಸೆಲ್ವಿಯಕ್ಕ ಗೋಡೆಯಾಚೆಯಿಂದ ಏನಾಯಿತು ಅಂತ ಕೇಳಿದರೆ ಅಮ್ಮ ಮಾತಾಡದೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದಳು.

“ನಮ್ಮೋರ್ಗೂ ಅದೇ ಹಾಲಮ್ಮ,” ಅನ್ನುತ್ತಿದ್ದರು ಸೆಲ್ವಿಯಕ್ಕ. “ನೈಟ್ ಶಿಫ್ಟ್ ಮಾಡಿದ್ರೆ ಹೊಟ್ಟೆ ಕೇಳುತ್ತಾ?”

ಹಾಲಮ್ಮ ಅಂದರೆ ನಮ್ಮಮ್ಮ. ಹೆಸರು ನೆನಪಿರಲಿ.

ಇನ್ನು ಕೆಲವು ಸಲ ಅಪ್ಪ ಬೇರೆಯೇ ಮನುಷ್ಯ. ಒಂದು ಭಾನುವಾರ ಬೆಳಕು ಹರಿಯುವ ಮುಂಚೆ ನಮ್ಮನ್ನೆಲ್ಲ ಎಬ್ಬಿಸಿ, ಸಕ್ರೆಬೈಲಿಗೆ ಹೋಗಿ ಆನೆ ನೋಡಿ ಬರೋಣ ಅಂದ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಭದ್ರಾವತಿಯಿಂದ ಅಷ್ಟು ದೂರ ಆಟೋ ಮಾಡಿದ, ದಾರಿಯುದ್ದಕ್ಕೂ ಡ್ರೈವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ತುಂಗೆಯಲ್ಲಿ ಮಾವುತರು ಆನೆ ತೊಳೆಯುತ್ತಿದ್ದರು. ಅಪ್ಪ ಪ್ಯಾಂಟು ಮಡಚಿ ತಾನೂ ನೀರಿಗಿಳಿದ. ಬೇಡ ಬೇಡ ಅಂದರೂ ಅವರನ್ನು ಮಾತಿನಲ್ಲೇ ಗೆದ್ದು ಆನೆಯ ಬೆನ್ನು ಉಜ್ಜಿದ, ನಮ್ಮ ಕಡೆ ನೀರೆರಚಿದ. ಅಮ್ಮ ದಡದಲ್ಲಿ ನಿಂತು ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ನಗು ತಡೆಯುತ್ತಿದ್ದಾಳೆ ಅಂದುಕೊಂಡಿದ್ದೆ. ಬಾಲ್ಯದಲ್ಲಿ ನಿನ್ನ ಸುಖದ ದಿನ ಯಾವುದು ಅಂತ ಯಾರಾದರೂ ಕೇಳಿದ್ದರೆ ನಾನು ಆ ಭಾನುವಾರವನ್ನೇ ಹೇಳುತ್ತಿದ್ದೆ.

ನಾನು ಬಿ.ಎಸ್ಸಿ. ಪಾಸಾದಾಗ ಅಪ್ಪ ಇಡೀ ಸಾಲಿಗೆ ಮೈಸೂರುಪಾಕು ಹಂಚಿದ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಕಾಲೇಜಿನೊಳಗೆ ಕಾಲಿಟ್ಟಿರಲಿಲ್ಲ, ದೊಡ್ಡಪ್ಪ ಒಂದು ಕಾಲೇಜಿನ ಕಟ್ಟಡಕ್ಕೆ ಇಟ್ಟಿಗೆ ಹೊತ್ತದ್ದನ್ನು ಬಿಟ್ಟರೆ. ನನ್ನ ಪದವಿ ಪತ್ರ ಇವತ್ತಿಗೂ ದೇವರ ಫೋಟೋಗಳ ಸಾಲಿನಲ್ಲಿದೆ, ಶುಕ್ರವಾರ ಅಮ್ಮ ಅದಕ್ಕೂ ಊದುಬತ್ತಿ ಬೆಳಗುತ್ತಾಳೆ. ಬೆಳಗಲಿ. ಸೀಮೆಎಣ್ಣೆ ದೀಪದ ಕಥೆ ಹೇಳಿ ನಿಮ್ಮನ್ನು ಅಳಿಸುವುದಿಲ್ಲ, ನಮ್ಮ ಕ್ವಾರ್ಟರ್ಸಿನಲ್ಲಿ ಕರೆಂಟಿತ್ತು. ಆದರೆ ಮನೆಯಲ್ಲಿ ಪುಸ್ತಕ ಬಿಡಿಸಿ ಇದು ಹೀಗೆ ಅಂತ ಹೇಳಿಕೊಡುವವರು ಒಬ್ಬರೂ ಇರಲಿಲ್ಲ. ಎಲ್ಲವನ್ನೂ ನಾನೇ ಓದಿ, ತಿಳಿಯದಿದ್ದರೆ ಮತ್ತೆ ಓದಿ ತಿಳಿದುಕೊಂಡೆ. ಹಾಗಾಗಿ ಕೂತು ಓದಿದರೆ ತಿಳಿಯದ್ದು ಲೋಕದಲ್ಲಿ ಯಾವುದೂ ಇಲ್ಲ ಅಂತ ನಂಬಿದ್ದೆ.

ಅಪ್ಪ ತೀರಿಹೋದ ಮೇಲೆ ಅಮ್ಮ, ನಾನು ಶಿವಮೊಗ್ಗದ ರವೀಂದ್ರನಗರದ ಒಂದು ಹಿಂಬದಿ ಮನೆಗೆ ಬಾಡಿಗೆಗೆ ಬಂದೆವು. ಲ್ಯಾಬಿನ ಡಿಪ್ಲೊಮಾ ಮಾಡಿಕೊಂಡು ಇಲ್ಲಿ ಸೇರಿದೆ. ಈ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಯಾವುದೇ ರಕ್ತ ಬರಲಿ, ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಪಕ್ಕದಲ್ಲಿ ಎಷ್ಟಿರಬೇಕು ಅಂತ ಅಚ್ಚಾಗಿರುತ್ತದೆ. ಹೆಚ್ಚೋ ಕಡಿಮೆಯೋ ಅಕ್ಷರ ಬಲ್ಲ ಯಾರಿಗಾದರೂ ತಿಳಿಯುತ್ತದೆ.

ಆಮೇಲೆ ಒಂದು ಬೇಸಿಗೆಯಲ್ಲಿ ನನಗೆ ನಿದ್ದೆ ಬೇಡವಾಯಿತು. ಬೇಡ ಅಂದರೆ ನಿಜವಾಗಿ ಬೇಡ, ಸುಸ್ತೇ ಇಲ್ಲ. ಲ್ಯಾಬಿನ ಸ್ಟೋರನ್ನೆಲ್ಲ ಕೆಳಗಿಳಿಸಿ ಒರೆಸಿ ಜೋಡಿಸಿದೆ, ಬಂದವರ ಜೊತೆ ಮಾತೋ ಮಾತು. ಮಾಲೀಕರು ಎಲ್ಲರೆದುರು ನನ್ನನ್ನು ತೋರಿಸಿ, ಕೆಲಸ ಅಂದರೆ ಹೀಗೆ ಮಾಡಬೇಕು ಅಂದರು. ನನಗೆ ಸಿಕ್ಕ ಒಂದೇ ಒಂದು ಹೊಗಳಿಕೆ, ಅದೂ ಕಾಯಿಲೆಗೆ. ಮಳೆಗಾಲ ಹಿಡಿಯುವಷ್ಟರಲ್ಲಿ ಹಲ್ಲುಜ್ಜಲು ಕೈ ಎತ್ತುವುದೂ ಒಂದು ದೊಡ್ಡ ಕೆಲಸವಾಯಿತು. ಬಸ್ಸು ಬರುವುದು ಕಂಡರೂ ಕೈ ಮಾಡದೆ ನಿಂತಿರುತ್ತಿದ್ದೆ. ತುಂಗಾ ಸೇತುವೆಯ ಮೇಲೆ ಬಸ್ಸು ಹೋಗುವಾಗ ನಾನು ಕೆಳಗೆ ನೋಡುತ್ತಿರಲಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಮೊದಲು ನೋಡಿದ ಡಾಕ್ಟರು ಟೆನ್ಷನ್ ಅಂದರು. ಎರಡನೆಯವರು ಡಿಪ್ರೆಶನ್ ಅಂದರು. ಆ ಮಾತ್ರೆ ತಗೊಂಡು ಮತ್ತೆ ನಿದ್ದೆ ಬೇಡವಾದಾಗ ಈಗಿನ ಡಾಕ್ಟರ ಹತ್ತಿರ ಹೋದೆ. ಅವರು ಈ ಏರಿಳಿತ ನೋಡಿದರೆ ಬೈಪೋಲಾರ್ ಇರಬಹುದು, ನೋಡೋಣ ಅಂದರು. ಪ್ರತಿ ಸಲವೂ ಹಳೆಯ ಮಾತ್ರೆ ನಿಲ್ಲುತ್ತಿತ್ತು, ಹೊಸ ಬಣ್ಣದ್ದು ಶುರುವಾಗುತ್ತಿತ್ತು. ಡಬ್ಬಿಯೊಳಗಿನ ಕಾಗದ ಬಿಡಿಸಿ, ಇರುವೆಗಿಂತ ಸಣ್ಣ ಅಕ್ಷರಗಳನ್ನು ಓದಿದೆ. ನಡುಕ ಬರಬಹುದು, ಬಾರದಿರಬಹುದು. ತೂಕ ಏರಬಹುದು, ಇಳಿಯಬಹುದು. ಮತ್ತೆ ಓದಿದೆ. ಜೀವನದಲ್ಲಿ ಮೊದಲ ಸಲ ಎರಡನೇ ಓದಿನಲ್ಲೂ ಏನೂ ಹೆಚ್ಚು ತಿಳಿಯಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಸರ್, ಇರಬಹುದು ಅಂದ್ರೆ ಇದೆಯೋ ಇಲ್ವೋ? ಎಷ್ಟು ವರ್ಷ ತಗೋಬೇಕು?”

“ಹೆಸರು ತಗೊಂಡು ಏನ್ ಮಾಡ್ತೀರಮ್ಮ,” ಅಂದರು. ಒಳ್ಳೆಯ ಮನುಷ್ಯರೇ, ಹೊರಗೆ ಕಾಯುವವರ ಸಾಲು ಬಾಗಿಲವರೆಗಿತ್ತು. “ಮಾತ್ರೆ ಬಿಡಬೇಡಿ. ಮನೇಲಿ ಇನ್ಯಾರಿಗಾದ್ರೂ ಹೀಗೆ ಇತ್ತಾ?”

ಇಲ್ಲ ಅಂದೆ. ಅಪ್ಪನಿಗೆ ಗ್ಯಾಸ್ಟ್ರಿಕ್ ಇತ್ತು, ಅಷ್ಟೇ ಅಂದೆ.

ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ಕಾಲು ನಿಂತಿತು. ಹಿತ್ತಲ ಮೆಟ್ಟಿಲು, ಗೋಡೆಗೆ ತಿರುಗಿದ ಬೆನ್ನು, ಇರುವೆ ತೇಲುವ ಲೋಟ ಎಲ್ಲ ಒಟ್ಟಿಗೆ ಬಂದವು. ಅವು ಬಂದದ್ದಕ್ಕೆ ನನಗೆ ಅಷ್ಟು ದುಃಖವಾಗಲಿಲ್ಲ. ಅವುಗಳ ಹಿಂದೆಯೇ ಆನೆಯ ಬೆನ್ನು ಉಜ್ಜುವ ಅಪ್ಪ ಬಂದ. ಆ ಭಾನುವಾರವೂ ಕಾಯಿಲೆಯದೇ ಆಗಿಹೋಯಿತು. ಅಮ್ಮ ಸೆರಗು ಬಾಯಿಗೊತ್ತಿಕೊಂಡದ್ದು ನಗು ತಡೆಯಲಿಕ್ಕಲ್ಲ. ಇಷ್ಟು ತಿಳಿಯಲಿಕ್ಕೆ ನಾನು ಅಷ್ಟೆಲ್ಲ ಓದಬೇಕಾಯಿತೇ ಅನಿಸಿತು. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ, ಅಪ್ಪನಿಗೆ ಇದ್ದದ್ದು ಹೊಟ್ಟೆಯದೇನಾ ಅಂತ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. “ಸತ್ತೋರ್ ಹೊಟ್ಟೆ ಯಾಕೆ ಬಗೀತೀಯ,” ಅಂದಳು, ಅಷ್ಟೇ.

ಈ ಡಾಕ್ಟರು ಕೊಟ್ಟ ಲಿಥಿಯಂ ಮಾತ್ರೆ ಶುರುವಾದ ಮೇಲೆ ನನ್ನ ಕೈ ನಡುಗತೊಡಗಿತು. ಸೂಜಿ ಹಿಡಿಯುವವಳ ಕೈ ನಡುಗಿದರೆ ಏನಾಗುತ್ತದೆ, ನೀವೇ ಹೇಳಿ. ಗ್ಯಾಸ್ಟ್ರಿಕ್ಕಿನಿಂದ ವೀಕ್‌ನೆಸ್ ಅಂದು, ರಕ್ತ ತೆಗೆಯುವ ಕುರ್ಚಿಯಿಂದ ಒಳಗೆ ಸ್ಯಾಂಪಲ್ ಜೋಡಿಸುವ ಕೋಣೆಗೆ ಬಂದೆ. ಕಷಾಯ ಶುರುವಾದದ್ದು ಆಗಲೇ. ಪ್ರಭಕ್ಕ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ದನಿ ದೊಡ್ಡದು. ನನಗೆ ಮದುವೆಯಾಗದೆ ಹೊಟ್ಟೆಯಲ್ಲಿ ಗಾಳಿ ತುಂಬಿದೆ ಅಂತ ಇಡೀ ಲ್ಯಾಬಿಗೆ ಕೇಳುವಂತೆ ಹಾಸ್ಯ ಮಾಡುತ್ತಿದ್ದರು, ಮರುದಿನ ಫ್ಲಾಸ್ಕು ತರುತ್ತಿದ್ದರು. ನಿಜ ತಿಳಿದರೆ ಮಾಲೀಕರು ನನ್ನನ್ನು ಇಟ್ಟುಕೊಳ್ಳುವುದಿಲ್ಲ ಅಂತ ನನಗೆ ಖಾತ್ರಿಯಿತ್ತು. ಈ ಸಂಬಳ ನಿಂತರೆ ಬಾಡಿಗೆಯೂ ಇಲ್ಲ, ಮಾತ್ರೆಯೂ ಇಲ್ಲ.

ಹಾಗಿರುವಾಗ ಡಾಕ್ಟರು, ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಬನ್ನಿ ಅಂದರು. ನನಗೆ ಭಯಕ್ಕಿಂತ ಖುಷಿಯೇ ಹೆಚ್ಚಾಯಿತು ಅಂದರೆ ನಂಬುತ್ತೀರಾ? ಕೊನೆಗೂ ನನ್ನ ಕಾಯಿಲೆಗೊಂದು ಸಂಖ್ಯೆ. ಆದರೆ ಶಿವಮೊಗ್ಗದ ಲ್ಯಾಬುಗಳಲ್ಲೆಲ್ಲ ನನ್ನ ಪರಿಚಯದವರೇ ಇದ್ದಾರೆ. ಅಮ್ಮನಿಗೆ ಬ್ಯಾಂಕಿನ ಕೆಲಸವಿದೆ ಅಂತ ಲ್ಯಾಬಿಗೆ ಹೇಳಿ ಭದ್ರಾವತಿಗೆ ಹೋದೆ. ಅಲ್ಲಿ ನಮ್ಮ ಲ್ಯಾಬಿನ ಜೊತೆ ವ್ಯವಹಾರವಿಲ್ಲದ ಒಂದು ಸಣ್ಣ ಲ್ಯಾಬು ಹುಡುಕಿದೆ. ಈ ಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು, ಇಲ್ಲದಿದ್ದರೆ ಸಂಖ್ಯೆ ಸುಳ್ಳೇ ಏರುತ್ತದೆ. ನನಗದು ಗೊತ್ತಿತ್ತು. ಆದರೆ ಬೆಳಗ್ಗೆ ಅಮ್ಮ ನೀರಿನ ಲೋಟ ಹಿಡಿದು ಎದುರು ನಿಲ್ಲುತ್ತಾಳೆ, ನುಂಗಿ ಬಾಯಿ ತೆರೆದು ತೋರಿಸುವವರೆಗೂ ಹೋಗುವುದಿಲ್ಲ. ನನಗೆ ರಕ್ತಪರೀಕ್ಷೆ ಅಂದರೆ ಹೆದರುತ್ತಾಳೆ ಅಂತ ಅವಳಿಗೆ ಹೇಳಿರಲಿಲ್ಲ, ಹಾಗಾಗಿ ನುಂಗಿದೆ. ಭದ್ರಾವತಿಯ ಕೌಂಟರಿನಲ್ಲಿ ಹೆಸರು ಕೇಳಿದರು. ಸುಳ್ಳು ಹೆಸರು ಯೋಚಿಸಿಕೊಂಡು ಹೋಗಿರಲಿಲ್ಲ, ಬಾಯಿಗೆ ಅಮ್ಮನ ಹೆಸರು ಬಂತು. ವಯಸ್ಸು ಕೇಳಿದಾಗ ನನ್ನದೇ ಹೇಳಿದೆ.

ಮಧ್ಯಾಹ್ನ ನಮ್ಮ ಲ್ಯಾಬಿಗೆ ಬಂದು ಗೌನು ತೊಟ್ಟೆ. ಬೇರೆ ಊರುಗಳ ಲ್ಯಾಬುಗಳು ತಮ್ಮ ಕೈಲಾಗದ ಪರೀಕ್ಷೆಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ನಮಗೆ ಕಳಿಸುತ್ತವೆ. ಅದನ್ನು ಬಿಚ್ಚುವುದು ನನ್ನ ಕೆಲಸ. ಭದ್ರಾವತಿಯ ಡಬ್ಬಿ ಬಿಚ್ಚಿದೆ. ಐಸಿನ ನಡುವೆ ಕೆಂಪು ಮುಚ್ಚಳದ ಒಂದು ಟ್ಯೂಬು. ಹಾಲಮ್ಮ, ವಯಸ್ಸು ಮೂವತ್ತೊಂದು. ಆ ಸಣ್ಣ ಲ್ಯಾಬಿನವರು ಪಕ್ಕದ ದೊಡ್ಡ ಲ್ಯಾಬಿಗೆ ಕೊಟ್ಟಿದ್ದಾರೆ, ಅವರು ನಮಗೆ ಕಳಿಸಿದ್ದಾರೆ. ಇದು ಹೀಗೇ ನಡೆಯುತ್ತದೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ನನ್ನದೇ ರಕ್ತ ನನ್ನ ಕೈಯಲ್ಲಿ ತಣ್ಣಗಿತ್ತು.

ಪ್ರಭಕ್ಕ ಬಂದು ಟ್ಯೂಬು ತೆಗೆದುಕೊಂಡು ಚೀಟಿ ಓದಿದರು. “ಲಿಥಿಯಂ. ತಲೆ ಕೇಸು. ಮೂವತ್ತೊಂದಕ್ಕೇ ಶುರುವಾಗಿದೆ ಪಾಪ.” ಆಮೇಲೆ ಹೆಸರು ನೋಡಿ ನಕ್ಕರು. “ಹಾಲಮ್ಮ ಅಂತೆ ಮಾರಾಯ್ತಿ. ಈಗಿನ ಕಾಲದ ಹುಡುಗೀಗೆ ಈ ಹೆಸರಿಟ್ರೆ ತಲೆ ಕೆಡದೇ ಇನ್ನೇನಾಗುತ್ತೆ.”

ನಾನೂ ನಕ್ಕೆ. ಸ್ವಲ್ಪ ಜೋರಾಗಿಯೇ ನಕ್ಕೆ.

ಅವರ ನಗು ನನಗಿಂತ ಮೊದಲು ನಿಂತಿತು. ಅಮ್ಮ ಸಕ್ಕರೆ ಪರೀಕ್ಷೆಗೆ ನಮ್ಮ ಲ್ಯಾಬಿಗೇ ಬರುವವಳು, ಚೀಟಿಯಲ್ಲಿ ಅವಳ ಹೆಸರು ಬರೆದು ರಕ್ತ ತೆಗೆಯುವವರು ಪ್ರಭಕ್ಕ. ಟ್ಯೂಬಿಗಾಗಿ ಕೈ ಚಾಚಿದ್ದ ನನ್ನ ಗೌನಿನ ತೋಳು ಮೇಲೆ ಸರಿದು, ಮೊಣಕೈಯ ಮಡಿಕೆಯಲ್ಲಿ ಬೆಳಗಿನ ಪ್ಲಾಸ್ಟರು ಕಾಣುತ್ತಿತ್ತು. ಪ್ರಭಕ್ಕ ಅದನ್ನು ನೋಡಿದರು. ಟ್ಯೂಬನ್ನು ತಾವೇ ಯಂತ್ರಕ್ಕಿಟ್ಟರು.

ಸಂಖ್ಯೆ ಹೆಚ್ಚು ಬಂತು. ಮಾತ್ರೆ ನುಂಗಿ ರಕ್ತ ಕೊಟ್ಟೆ ಅಂತ ಡಾಕ್ಟರಿಗೆ ಹೇಳಿದೆ. ಇರಲಿ, ಕೈಯೂ ನಡುಗುತ್ತಿದೆಯಲ್ಲ, ಸ್ವಲ್ಪ ಕಡಿಮೆ ಮಾಡಿ ನೋಡೋಣ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅಂದರು. ಕಡಿಮೆ ಮಾಡಿದೆವು. ಕೈಯ ನಡುಕ ನಿಂತಿತು, ನಾನು ಮತ್ತೆ ಆ ಮಳೆಗಾಲದೊಳಗೆ ಬಿದ್ದೆ. ಈಗ ದಿನವೂ ಕೆಲಸಕ್ಕೆ ಬರುತ್ತೇನೆ, ಸಂಜೆ ಮನೆ ಸೇರಿದ ಮೇಲೆ ಚಪ್ಪಲಿಯನ್ನೂ ಬಿಡದೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತೇನೆ. ಮಾತ್ರೆ ಕಡಿಮೆಯಾದ್ದಕ್ಕೆ ಹೀಗೋ, ಮಾತ್ರೆಯೇ ತಪ್ಪೋ, ಕಾಯಿಲೆಯ ಹೆಸರೇ ಬೇರೆಯೋ, ಇಲ್ಲ ನಾನೇ ಹೀಗೋ, ಯಾರಿಗೂ ಗೊತ್ತಿಲ್ಲ. ಒಂದೇ ಒಂದು ಸಂಖ್ಯೆ ಸಿಕ್ಕಿತ್ತು, ಅದೂ ನಂಬುವಂಥದ್ದಲ್ಲ. ಅಮ್ಮ ಕಷಾಯ ತಂದು ಪಕ್ಕದಲ್ಲಿಡುತ್ತಾಳೆ.

ಪ್ರಭಕ್ಕ ಆವತ್ತಿನಿಂದ ಹಾಸ್ಯ ಬಿಟ್ಟಿದ್ದಾರೆ. ಇವತ್ತು ಲೋಟವಿಟ್ಟವರು ಕೂಡಲೇ ಹೋಗಲಿಲ್ಲ. ನನ್ನ ಮೇಜಿನ ಮೇಲಿನ ಹತ್ತಿಯನ್ನು ಸುಮ್ಮನೆ ಒತ್ತಿ ಒತ್ತಿ ಸರಿ ಮಾಡಿದರು.

“ಮುಂದಿನ ಸಲ ಭದ್ರಾವತಿಗೆ ಹೋಗ್ಬೇಡ,” ಅಂದರು. “ಬೆಳಿಗ್ಗೆ ಬೇಗ ಬಾ, ಬಾಗ್ಲು ತೆಗೆಯೋಳು ನಾನೇ. ಮಾತ್ರೆ ಆಮೇಲೆ ತಗೊ, ಯಾಕೆ ಬೇಗ ಅಂತ ಅಮ್ಮ ಕೇಳಿದ್ರೆ ಏನಾದ್ರೂ ಹೇಳು. ಚೀಟೀಲಿ ನನ್ ಹೆಸರು ಹಾಕೋಣ. ನಂಗೇನು, ಇನ್ನೊಂದ್ ಮದ್ವೆ ಆಗ್ಬೇಕಾ?”

ಇಷ್ಟು ದಿನದಲ್ಲಿ ಯಾರೂ ಇಷ್ಟು ಹತ್ತಿರ ಬಂದಿರಲಿಲ್ಲ. ಕೇಳಿದೆ, “ಅಕ್ಕ, ನಂಗೇನಾಗಿದೆ ಅಂತ ನಿಮಗೆ ಗೊತ್ತಲ್ವಾ?” ಅವರ ಬಾಯಿಂದಲಾದರೂ ಒಮ್ಮೆ ಆ ಹೆಸರು ಬರಲಿ ಅಂತ ಕಾದೆ.

ಪ್ರಭಕ್ಕ ಹೊರಗೆ ಕೂತವರ ಕಡೆ ನೋಡಿದರು. ಆಮೇಲೆ, ನಮ್ಮಮ್ಮ ಗೋಡೆಯ ಈಚೆ ನಿಂತು ಮಾಡುತ್ತಿದ್ದ ಹಾಗೆಯೇ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ ಹೋದರು.

ಲೋಟ ಆರಿದೆ. ಅಪ್ಪ ಇದನ್ನು ಮುಟ್ಟುತ್ತಿರಲಿಲ್ಲ. ನಾನು ಕುಡಿಯುತ್ತೇನೆ, ಹೊರಗೆ ಜನ ಕಾಯುತ್ತಿದ್ದಾರೆ, ಕೈ ಈಗ ನಡುಗುವುದಿಲ್ಲವಾದ್ದರಿಂದ ನನ್ನನ್ನು ಮತ್ತೆ ಸೂಜಿಯ ಕುರ್ಚಿಗೆ ಕರೆದಿದ್ದಾರೆ.