ಮಾವ ಬೆಲೆ ಕಟ್ಟಿದ ಕಾಲು

ನನ್ನ ಸೋದರಮಾವನ ಎರಡೂ ಮುಂಗೈಗಳ ಮೇಲೆ ಮಾವಿನ ಸೊನೆ ಸುಟ್ಟ ಕಪ್ಪು ಕಲೆಗಳಿದ್ದವು. ಹಳೆಯದು ಮಾಯುವ ಮೊದಲೇ ಹೊಸದು ಬೀಳುತ್ತಿತ್ತು. ಆ ಕೈಗಳು ಒಂದು ಗಳಿಗೆಯೂ ಸುಮ್ಮನಿದ್ದವಲ್ಲ. ಹೆಗಲ ಮೇಲಿನ ಟವಲನ್ನು ತಿರುಚುವುದು, ಬಿಚ್ಚುವುದು, ಮತ್ತೆ ತಿರುಚುವುದು. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಕೂರುತ್ತಿದ್ದರು, ಯಾರಾದರೂ ಕರೆದರೆ ತಟ್ಟನೆ ಏಳಬಹುದೆಂದು. "ಈ ಮನುಷ್ಯ ನಿದ್ದೇಲೂ ನಡೀತಾರೆ ಕಣಪ್ಪ" ಎಂದು ಅತ್ತೆ ಗೊಣಗುತ್ತಿದ್ದರು.

ಶ್ರೀನಿವಾಸಪುರದ ಸುತ್ತ, ಗೌನಿಪಲ್ಲಿಯವರೆಗೂ, ಮಾವಿನ ತೋಪುಗಳನ್ನು ಹೂವು ಬಿಟ್ಟಾಗಲೇ ಗುತ್ತಿಗೆ ಹಿಡಿಯುವುದು ಅವರ ಕಸುಬು. ಹೂವು ನೋಡಿಯೇ ಫಸಲೆಷ್ಟೆಂದು ಹೇಳಬೇಕು. ಬೇರೆ ಗುತ್ತಿಗೆದಾರರು ದಾರಿಯಲ್ಲಿ ನಿಂತು ಮಾತಿಗಿಳಿದರೆ, ಮಾವ ಮರಮರದ ಸುತ್ತ ಬಂದು, ಬಗ್ಗಿ, ಒಳಗೆ ನುಗ್ಗಿ ನೋಡುತ್ತಿದ್ದರು. "ಹೊರಗಿನ ಹೂವು ದಾರೀಲಿ ಹೋಗೋನಿಗೂ ಕಾಣ್ತದೆ ಕಣೋ. ಒಳಕೊಂಬೇಲಿ ಏನದೆ, ಅದು ಹೇಳು" ಎನ್ನುವುದು ಅವರ ಮಾತು. ಫುಟ್‌ಬಾಲನ್ನೂ ಅವರು ಹಾಗೇ ನೋಡಿದರು.

ಚಿನ್ನದ ಗಣಿಯ ಬಂಗಲೆಗಳಿಗೆ ಹಣ್ಣು ಹಾಕಲು ಹೋಗುತ್ತಿದ್ದಾಗ ಅಲ್ಲಿನ ಮೈದಾನದಲ್ಲಿ ಈ ಹುಚ್ಚು ಹತ್ತಿತಂತೆ. ತಾವು ಒಂದು ದಿನವೂ ಚೆಂಡು ಒದ್ದವರಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ವರ್ಷಗಳಲ್ಲಿ ನಾನು ಕೋಲಾರದ ಊರ ತಂಡದಲ್ಲಿ ನಡುಮೈದಾನ ಕಾಯುವ ಹಾಫ್‌ಬ್ಯಾಕ್ ಆಗಿದ್ದೆ. ಓದು ಮುಗಿದಿತ್ತು, ಕೆಲಸವಿರಲಿಲ್ಲ. ಗಣಿ ಕಂಪನಿಯೊಂದರ ತಂಡದವರಿಗೋ ಆಟಕ್ಕೆಂದೇ ಸಂಬಳ, ಇರಲು ಮನೆ, ಕಾಲಿಗೆ ಬೂಟು. ನಮ್ಮದು ಬರಿಗಾಲು. ಆ ತಂಡ ನಮ್ಮೊಡನೆ ಆಡಲು ಬರುತ್ತದೆ, ನಮ್ಮಲ್ಲಿ ಚೆನ್ನಾಗಿ ಆಡಿದ ಒಬ್ಬನಿಗೆ ಅವರು ಕೆಲಸ ಕೊಡುತ್ತಾರೆ ಎಂದು ಸುದ್ದಿಯಾಯಿತು. ನನ್ನ ನಿದ್ದೆ ಹಾರಿಹೋಯಿತು. ಆ ಕೆಲಸ ನನಗೆ ಬೇಕಾಗಿತ್ತು. ಬೇರೆ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ.

ಮಾವ ನನ್ನನ್ನು ಎಳೆದುಕೊಂಡು ವಾರವಾರವೂ ಆ ತಂಡದ ಆಟ ನೋಡಲು ಹೋದರು. ಜನ ಚೆಂಡಿನ ಹಿಂದೆ ಕತ್ತು ತಿರುಗಿಸುತ್ತಿದ್ದರೆ ಇವರು ಗೆರೆಯುದ್ದಕ್ಕೂ ಓಡಾಡುತ್ತ ಚೆಂಡಿಲ್ಲದವರನ್ನು ನೋಡುತ್ತಿದ್ದರು. ಅವರ ಸೆಂಟರ್ ಫಾರ್ವರ್ಡ್ ಗೋಲು ಹೊಡೆದು ಮೈದಾನವೆಲ್ಲ ಕುಣಿಯುತ್ತಿದ್ದಾಗ ಮಾವ ನನ್ನ ತೋಳು ಜಗ್ಗಿದರು. "ಹೊಡೆದೋನ್ನ ಬಿಡೋ. ಚೆಂಡು ಕೊಟ್ಟೋನು ಯಾವನು, ನೋಡ್ದಾ? ಪ್ರತಿ ಸಲಾನೂ ಬಲಗಡೆ ಹಾಫ್‌ಬ್ಯಾಕೇ. ಕೊಡೋಕ್ಮುಂಚೆ ಒಂದ್ಸಲ ತಲೆ ಎತ್ತಿ ನೋಡ್ತಾನೆ. ಆವಾಗ ಅವನ ಮೇಲೆ ಬೀಳು. ಮುಂದಿರೋನು ಉಪವಾಸ ಬೀಳ್ತಾನೆ." ಅವರ ಎಡಗಡೆಯ ಬ್ಯಾಕ್ ಅರ್ಧ ಆಟ ಕಳೆದ ಮೇಲೆ ದಣಿದು ಸೊಂಟಕ್ಕೆ ಕೈ ಕೊಡುತ್ತಾನೆ, ಗೋಲ್ ಕೀಪರ್ ಅವಸರಪಟ್ಟು ಮುಂದೆ ಬರುತ್ತಾನೆ ಎಂದು ಹಿಂದಿರುಗುವ ಬಸ್ಸಿನಲ್ಲೂ ನಿಂತುಕೊಂಡೇ ಹೇಳಿದರು.

ನಮ್ಮವರ ಕುಂದನ್ನು ಮಾತ್ರ ಅವರು ಎಲ್ಲರೆದುರು ಎತ್ತಿದವರಲ್ಲ. ಮಾವಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಇಬ್ಬರೂ ಕೈ ಹಿಡಿದು, ಬೆರಳು ಅದುಮಿ ಮುಗಿಸುತ್ತಾರೆ. ಪಕ್ಕದವನಿಗೂ ತಿಳಿಯುವುದಿಲ್ಲ. ಮಾವ ಇದನ್ನು ಮೈದಾನಕ್ಕೂ ತಂದಿದ್ದರು. ಬಿಡುವಿನಲ್ಲಿ ಒಬ್ಬೊಬ್ಬರ ಕೈಯನ್ನೂ ಟವಲಿನಡಿ ಹಿಡಿಯುವರು. ತೋರುಬೆರಳು ಅದುಮಿದರೆ ಚೆಂಡು ಬೇಗ ಬಿಡು ಎಂದು, ಕಿರುಬೆರಳಾದರೆ ಹಿಂದೆ ಉಳಿ ಎಂದು, ಹೆಬ್ಬೆರಳಾದರೆ ಶಹಬಾಸ್. ಬೈಸಿಕೊಂಡವನೂ ತಲೆಯೆತ್ತಿಕೊಂಡೇ ಮತ್ತೆ ಆಟಕ್ಕೆ ಇಳಿಯುತ್ತಿದ್ದ.

ಗಣಿಯ ತಂಡ ನಮ್ಮೊಡನೆ ಆಡಲು ಬಂದ ದಿನ ಅವರ ಆ ಬಲಗಡೆ ಹಾಫ್‌ಬ್ಯಾಕನ್ನು ಕಾಯುವ ಕೆಲಸ ನನಗೆ ಬಿತ್ತು. ಅವನು ತಲೆ ಎತ್ತಿದಾಗಲೆಲ್ಲ ನಾನು ಎದುರಿಗಿದ್ದೆ. ಸಂಬಳದ ತಂಡ ಬರಿಗಾಲಿನವರ ಮೇಲೆ ಒಂದು ಗೋಲೂ ಹೊಡೆಯಲಾಗದೆ ಆಟ ಸಮವಾಯಿತು. ನಮ್ಮ ಊರಿಗೆ ಅದು ಗೆದ್ದಷ್ಟೇ ಆಯಿತು. ಕಂಪನಿಯ ಕ್ಲಬ್ಬು ನೋಡಿಕೊಳ್ಳುವವರು ನೇರವಾಗಿ ನನ್ನತ್ತ ಬಂದರು. ಅವರಿಗೆ ಮಾವನ ಪರಿಚಯ, ಮಾವನ ಕಣ್ಣಿನ ಮೇಲೆ ನಂಬಿಕೆ.

"ಏನ್ ಸಾಹುಕಾರ್ರೇ, ನಿಮ್ಮ ಅಳಿಯನ್ನ ಕರ್ಕೊಂಡೋಗ್ಲಾ? ಹೆಂಗೆ, ಬಾಳಿಕೆ ಬರ್ತಾನಾ?"

ಮಾವ ಟವಲು ತಿರುಚುವುದನ್ನು ನಿಲ್ಲಿಸಿದರು. "ಆಟ ಚೆನ್ನಾಗದೆ ಸಾರ್. ಆದ್ರೆ ಬಲಗಡೆ ಮೊಣಕಾಲು ಸರಿಯಿಲ್ಲ. ತಿರುಗೋವಾಗ ಭಾರ ಹಾಕಲ್ಲ ಇವನು. ಎರಡು ವರ್ಷ ಬಂದ್ರೆ ಹೆಚ್ಚು."

ಸುತ್ತ ಇಡೀ ತಂಡ ನಿಂತಿತ್ತು. "ಮೊಣಕಾಲಲ್ಲ ಮಾವ, ಹಿಮ್ಮಡೀಲಿ ಆಣಿ ಆಗದೆ, ನೆಲಕ್ಕೆ ಊರಕ್ಕಾಗ್ತಿಲ್ಲ, ಅಷ್ಟೇ" ಎಂದೆ.

"ಏಮಿರಾ, ನಂಗೇ ಹೇಳಿಕೊಡ್ತೀಯಾ? ಒಂದು ತಿಂಗಳಿಂದ ನೋಡ್ತಾ ಇದೀನಿ." ಸಿಟ್ಟು ಬಂದರೆ ಮಾವನ ಬಾಯಿಗೆ ತೆಲುಗು ಬರುತ್ತಿತ್ತು.

ಕ್ಲಬ್ಬಿನವರು ಹೂಂಗುಟ್ಟಿ ನಮ್ಮ ಗೋಲ್ ಕೀಪರನ ಹೆಗಲ ಮೇಲೆ ಕೈ ಹಾಕಿದರು. ಇದ್ದ ಒಂದು ಕೆಲಸ ಅವನ ಪಾಲಾಯಿತು. ಮಾವ ದಾರಿಯುದ್ದಕ್ಕೂ ನನ್ನ ಹಿಂದೆ ಬಂದರು. "ಕಾಲು ಹೋದ್ಮೇಲೆ ಅವರೇನು ಕೂರಿಸಿ ಅನ್ನ ಹಾಕ್ತಾರಾ? ಗಣಿಯೊಳಕ್ಕೆ ಇಳಿಸ್ತಾರೆ ಕಣೋ. ನಿಮ್ಮಮ್ಮನಿಗೆ ಆವಾಗ ನಾನು ಏನು ಹೇಳ್ಲಿ?" ನಾನು ತಿರುಗಿ ನೋಡಲಿಲ್ಲ. ಒಬ್ಬ ಆಟಗಾರನ ಬಗ್ಗೆ ಅವರು ಬಯಲಲ್ಲಿ ಬಾಯಿಬಿಟ್ಟದ್ದು ಅದೊಂದೇ ಸಲ, ಅದೂ ನನ್ನ ಮೇಲೆ.

ಕ್ಷೌರಿಕನೊಬ್ಬ ಆಣಿಯನ್ನು ಬೇರುಸಮೇತ ಕಿತ್ತ. ಗಾಯ ಮಾಯುತ್ತಲೇ ನಾನು ಮೊದಲಿನಂತೆ ಓಡಿದೆ, ತಿರುಗಿದೆ, ಜಿಗಿದೆ. ಮಾವ ಪ್ರತಿ ಆಟಕ್ಕೂ ಬಂದು, ಗೆರೆಯಾಚೆ ನನಗೆ ಸರಿಸಮವಾಗಿ ನಡೆಯುತ್ತ ಬಲಗಾಲನ್ನೇ ನೋಡುತ್ತಿದ್ದರು. ಮರದ ಒಳಕೊಂಬೆಯನ್ನೆಲ್ಲ ಜಾಲಾಡಿದವರು ನನ್ನ ಅಂಗಾಲನ್ನು ಎತ್ತಿ ನೋಡಿರಲಿಲ್ಲ. ತಮ್ಮ ಕಣ್ಣು ತಪ್ಪಿತೆಂದು ಅವರಿಗೆ ತಿಳಿದುಹೋಗಿತ್ತೆಂದು ಕಾಣುತ್ತದೆ. ಅಲ್ಲಿಂದಾಚೆ ಯಾರು ಕೇಳಿದರೂ, "ನಂಗೇನಪ್ಪ ಗೊತ್ತು ಆಟ, ಮಾವಿನಕಾಯಿ ಮಾರೋನಿಗೆ" ಎಂದು ಜಾರಿಕೊಳ್ಳುತ್ತಿದ್ದರು. ಟವಲಿನ ಕೆಳಗೂ ಯಾರ ಕೈಯನ್ನೂ ಹಿಡಿಯಲಿಲ್ಲ. ನಮ್ಮ ತಂಡ ಸೋಲತೊಡಗಿತು. ನಾನೂ ಹಟ ಬಿಡಲಿಲ್ಲ. ಎರಡು ಮಾವಿನ ಸುಗ್ಗಿ ಅವರೊಡನೆ ಮಾತಾಡಲಿಲ್ಲ. ಮಾತು ಮತ್ತೆ ಶುರುವಾದ ಮೇಲೂ ಫುಟ್‌ಬಾಲನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮುಂದೆ ನಾನು ಮುಳಬಾಗಿಲಿನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾದೆ. ಆಟ ಕಲಿಸುವಾಗ ನನ್ನ ಬಾಯಿಂದ ಬಂದದ್ದೆಲ್ಲ ಮಾವನ ಮಾತೇ. ಹುಡುಗ ಕುಂಟಿದರೆ ಮಾತ್ರ ಮೊದಲು ಅವನನ್ನೇ ಕೇಳುತ್ತಿದ್ದೆ, ಎಲ್ಲಿ ನೋವು ಅಂತ. ಅದನ್ನೂ ಕಲಿಸಿದವರು ಅವರೇ ಅನ್ನಬೇಕು.

ಯುದ್ಧ ಮುಗಿದ ಮೇಲೆ ಮಾವ ಹಾಸಿಗೆ ಹಿಡಿದರು. ನೋಡಲು ಹೋದೆ. ಹೊದಿಕೆಯ ಕೆಳಗೆ ಪಾದಗಳು ಆಡುತ್ತಲೇ ಇದ್ದವು. ನಾನು ಕೂರುವ ಮೊದಲೇ, "ಆ ಬಾಗಿಲ ತನಕ ನಡೆದು ಬಾ" ಎಂದರು. ನಡೆದೆ. "ಇನ್ನೊಂದ್ಸಲ, ಬೇಗ ತಿರುಗು." ತಿರುಗಿದೆ.

"ಚೆನ್ನಾಗದೆ ಕಾಲು" ಎಂದರು. "ನೀನು ಹೇಳ್ದೆ. ನಾನು ಕೇಳ್ಲಿಲ್ಲ. ನಿನ್ನ ಅನ್ನ ಕಿತ್ಕೊಂಡೆ ಕಣೋ" ಎಂದರು.

ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆ. ಈಗ ಅದು ಬಂದಾಗ ನನಗೆ ಬೇಡವೆನಿಸಿತು. ನನಗೆ ಬೇಕಾಗಿದ್ದುದು ಹಳೆಯ ಮಾವ. "ಅದು ಬಿಡಿ ಮಾವ. ಭಾನುವಾರ ಆಟ ಅದೆ. ನಮ್ಮ ಹುಡುಗರಿಗೆ ಎಡಗಡೆಯಿಂದಲೇ ಗೋಲು ಬೀಳ್ತಾ ಅವೆ. ಏನ್ಮಾಡ್ಲಿ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೊಣಕೈ ಊರಿ ಅರ್ಧ ಎದ್ದರು. "ಅಲ್ಲಿ ನಿಲ್ಲಿಸಿರೋನು ಯಾವನು? ಅವನ ಮುಂದೆ ಯಾರವ್ನೆ? ಅದು ಹೇಳು ಮೊದ್ಲು." ಅತ್ತೆ ಗದರಿಸುವವರೆಗೂ ಮಾತು ನಿಲ್ಲಲಿಲ್ಲ.

ಭಾನುವಾರ ಅವರು ಹೇಳಿದಂತೆಯೇ ಹುಡುಗರನ್ನು ನಿಲ್ಲಿಸಿದೆ. ಆಟ ಮುಗಿದದ್ದೇ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋದೆ. ಮನೆಯ ಮುಂದೆ ಜನ ನಿಂತಿದ್ದರು. ಅತ್ತೆ ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡರು. "ಏನಾಯ್ತಪ್ಪ ಆಟ? ಪ್ರಾಣ ಹೋಗೋ ತನಕ ಅದನ್ನೇ ಕೇಳ್ತಿದ್ರು."

ಸೋತಿದ್ದೆವು. ಎಡಗಡೆಯಿಂದ ಒಂದೂ ಗೋಲು ಬೀಳಲಿಲ್ಲ, ಬಲಗಡೆಯಿಂದ ಬಿತ್ತು. ಅದನ್ನು ಕೇಳಿದ್ದರೆ ಮಾವ ಖಂಡಿತ ಎದ್ದು ಕೂರುತ್ತಿದ್ದರು.