ಕ್ಯಾಪಿಟಲ್ ಅಕ್ಷರದ ನಾಲ್ಕು ಮೇಲ್

ಗೆಳೆಯರೇ, ಇಂದಿರಾನಗರದ ನಮ್ಮ ವೀಲ್‌ಚೇರ್ ರಿಪೇರಿ ಆಫೀಸಿಗೆ ಇವತ್ತು ರಿಚರ್ಡ್ಸ್ ಟೌನಿನ ಅಜ್ಜರೊಬ್ಬರು ಆಟೋದಲ್ಲಿ ಬಂದರು. "ನಾಲ್ಕು ಮೇಲ್ ಹಾಕ್ದೆ ಸಾರ್, ಯಾರೂ ಬರ್ಲಿಲ್ಲ. ವೀಲ್‌ಚೇರ್ ಕೆಟ್ಟಾಗಿಂದ ನಮ್ಮನೆಯವರು ಹಾಸಿಗೆ ಬಿಟ್ಟು ಎದ್ದಿಲ್ಲ."

ಮೊದಲು ಎಲ್ಲ ಮೇಲ್‌ಗಳನ್ನೂ ನಮ್ಮ ಆಫೀಸಿನ ಸೆಲ್ವಿ ಅಕ್ಕ ಒಂದೊಂದಾಗಿ ಓದುತ್ತಿದ್ದರು. ಹೋದ ವಾರ ನಾನು ವಿಂಡೋಸ್ ಬ್ಯಾಚ್ ಫೈಲಿನೊಳಗೆ ಪದ ಹುಡುಕಿಕೊಡುವ ಯುನಿಕ್ಸ್‌ನ ಗ್ರೆಪ್ ಕಮಾಂಡ್ ಸೇರಿಸಿ, 'repair' ಎಂಬ ಇಂಗ್ಲಿಷ್ ಪದವಿರುವ ಮೇಲ್‌ಗಳನ್ನು ಅದೇ ಆರಿಸುವಂತೆ ಮಾಡಿದ್ದೆ. "ಇನ್ಮೇಲೆ ಕಣ್ಣು ಸವೆಸ್ಬೇಡಿ ಅಕ್ಕ" ಎಂದು ಜಂಬ ಕೊಚ್ಚಿಕೊಂಡಿದ್ದೆ. ಅದು ಹುಡುಕುತ್ತಿದ್ದುದು ಸಣ್ಣ ಅಕ್ಷರಗಳನ್ನು ಮಾತ್ರ. ಅಜ್ಜ ಬರೆದದ್ದೆಲ್ಲ ಕ್ಯಾಪಿಟಲ್; ನಾಲ್ಕರಲ್ಲಿ ಒಂದೂ ಅದಕ್ಕೆ ಸಿಕ್ಕಿರಲಿಲ್ಲ.

"ದೊಡ್ಡದಾಗಿ ಬರೆದ್ರೆ ಬೇಗ ಕಣ್ಣಿಗೆ ಬೀಳುತ್ತೆ ಅನ್ಕೊಂಡೆ" ಎಂದರು ಅಜ್ಜ, ತಪ್ಪು ತಮ್ಮದೇ ಎಂಬಂತೆ.

ಸೆಲ್ವಿ ಅಕ್ಕ ಕನ್ನಡಕ ಹಾಕಿಕೊಂಡು ಹೋದ ವಾರದ ಮೊದಲ ಮೇಲ್‌ನಿಂದ ಓದತೊಡಗಿದರು.

ವೀಲ್‌ಚೇರ್ ರಿಪೇರಿ ನನಗೆ ಬರುವುದಿಲ್ಲ. ನಮ್ಮ ಮೆಕ್ಯಾನಿಕ್‌ನ ಚೀಲ ಹೊರಲು ಬರುತ್ತದೆ. ಹೊತ್ತುಕೊಂಡು ಅವನ ಹಿಂದೆ ಅಜ್ಜನ ಮನೆಗೆ ಹೋದೆ.